ಪದಕ ಮರೆತರೆ ಪದಕ ಬರುವುದೇ?

ಪ್ರಶ್ನೆ: ನಾನು ಹೈಸ್ಕೂಲ್ ವಿದ್ಯಾರ್ಥಿನಿ, ಉದ್ದ ಜಿಗಿತದ ಸ್ಪರ್ಧಿ. 'ಪದಕದ ಯೋಚನೆ ಬಿಡು, ಓಟದ ಕಡೆ ಗಮನ ಕೊಡು' ಎನ್ನುತ್ತಾರೆ ನಮ್ಮ ಪಿ.ಟಿ. ಮೇಷ್ಟ್ರು. ಗುರಿಯೇ ಪದಕವಲ್ಲವೇ?

ಗುರಿ ಪದಕವೇ, ಇರಲಿ. ಬಸ್ಸಿನ ಬೋರ್ಡಿನಲ್ಲಿ 'ಹುಬ್ಬಳ್ಳಿ' ಎಂದಿದ್ದರೂ ಚಾಲಕನ ಕಣ್ಣು ಇರುವುದು ಎದುರಿನ ರಸ್ತೆಯ ಮೇಲೆ ತಾನೆ?

ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಕೆಲವೇ ಸಂಗತಿಗಳನ್ನು. 'ಸೋತರೆ?' ಎಂಬ ಚಿಂತೆ ಒಳಹೊಕ್ಕರೆ ಆ ಜಾಗದ ಒಂದು ಪಾಲು ಅದಕ್ಕೇ ಹೋಯಿತು. ಮೈ ಬಿಗಿಯುತ್ತದೆ. ಅಭ್ಯಾಸದಿಂದ ತಾನಾಗಿ ಬೀಳುತ್ತಿದ್ದ ಹೆಜ್ಜೆಗಳನ್ನು ನೀವೇ ಎಣಿಸತೊಡಗುತ್ತೀರಿ. ಕೊನೆಯ ಎರಡು ಹೆಜ್ಜೆ ಏರುಪೇರಾಗಿ ಕಾಲು ಜಿಗಿತದ ಹಲಗೆ ದಾಟುತ್ತದೆ. ಫೌಲ್!

ಮೇಲಾಗಿ, ಪಕ್ಕದ ತಾಲ್ಲೂಕಿನ ಹುಡುಗಿ ಎಷ್ಟು ದೂರ ಹಾರುತ್ತಾಳೋ ಅದು ನಿಮ್ಮ ಕೈಯಲ್ಲಿಲ್ಲ. ಓಟ ಶುರುಮಾಡುವ ಗುರುತು, ಮೊದಲ ಹೆಜ್ಜೆಯ ಬಿರುಸು, ಹಲಗೆ ಬಳಿ ತಲೆ ತಗ್ಗಿಸದಿರುವುದು ನಿಮ್ಮವೇ. ಅಭ್ಯಾಸದಲ್ಲಿ ಎಲ್ಲವನ್ನೂ ತಿದ್ದಿಕೊಳ್ಳಿ. ಸ್ಪರ್ಧೆಯ ದಿನ ಒಂದನ್ನು ಮಾತ್ರ ನೆನೆಯಿರಿ. ಮೂರೂ ಬೇಕೆಂದರೆ ಮತ್ತೆ ಅದೇ ಗೊಂದಲ.

ಪದಕ ಎಷ್ಟೇ ಹತ್ತಿರವಿದ್ದರೂ ಮಾಡಬೇಕಾದ್ದು ಎದುರಿನ ಒಂದು ಕೆಲಸವನ್ನೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮುನ್ನ ಭಾರತದ ಅಭಿನವ್ ಬಿಂದ್ರಾ ಎದುರಾಳಿಯೊಂದಿಗೆ ಸಮಬಲದಲ್ಲಿದ್ದರು. ಆ ಗುಂಡಿಗೆ ಬಂದದ್ದು 10.8 ಅಂಕ; ಚಿನ್ನ ಬಂತು.