ಯಾವುದನ್ನು ಕಳಚಬೇಕು, ಯಾವುದನ್ನು ಉಳಿಸಬೇಕು?

ಮನೆ ಕಟ್ಟಿ ಮುಗಿದ ಮೇಲೆ ಸಾರುವೆ ಬಿಚ್ಚುತ್ತೇವೆ, ಕಂಬ ಬಿಚ್ಚುವುದಿಲ್ಲ. ಗಣಕದ ಪ್ರೋಗ್ರಾಮಿಗೂ ಇದೇ ವಿವೇಕ ಬೇಕು.

ಲಿನಕ್ಸ್‌ನಲ್ಲಿ '-ಜಿ' ಆಯ್ಕೆ ಕೊಟ್ಟು ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡಿದರೆ ಹಲವು ವಿಭಾಗಗಳ ಕಡತ ಸಿಗುತ್ತದೆ. 'ಟೆಕ್ಸ್ಟ್' ವಿಭಾಗದಲ್ಲಿ ಯಂತ್ರಭಾಷೆಯ ಸೂಚನೆಗಳಿವೆ. 'ಡೇಟಾ' ವಿಭಾಗದಲ್ಲಿ ಮೊದಲೇ ಬೆಲೆ ಕೊಟ್ಟ ಚರಾಂಶಗಳಿವೆ. ಇವು ಕಂಬಗಳು. 'ಸಿಮ್‌ಟ್ಯಾಬ್' ಎಂಬುದು ಫಂಕ್ಷನ್ ಮೊದಲಾದವುಗಳ ಹೆಸರುಪಟ್ಟಿ. 'ಡೀಬಗ್' ವಿಭಾಗಗಳು ಯಾವ ಸೂಚನೆ ನಿಮ್ಮ ಬರಹದ ಯಾವ ಸಾಲಿನದು ಎಂದು ತಿಳಿಸುತ್ತವೆ.

'ಸ್ಟ್ರಿಪ್' ಆದೇಶ ಈ ಕೊನೆಯ ಎರಡನ್ನೂ ಕಳಚುತ್ತದೆ. ಕಡತ ಹಗುರಾಗುತ್ತದೆ, ಪ್ರೋಗ್ರಾಮು ಮೊದಲಿನಂತೆಯೇ ನಡೆಯುತ್ತದೆ. ಆದರೆ ಮುಂದೆ ಅದು ಕೆಟ್ಟು ನಿಂತರೆ? ಡೀಬಗರ್ ನಿಮ್ಮ ಫಂಕ್ಷನ್ನಿನ ಹೆಸರಿನ ಬದಲು ಬರಿಯ ವಿಳಾಸ ತೋರಿಸುತ್ತದೆ.

ಇನ್ನೂ ಜೋಡಿಸಬೇಕಾದ ಆಬ್ಜೆಕ್ಟ್ ಕಡತದ ಹೆಸರುಪಟ್ಟಿ ಕಳಚಿದರಂತೂ ಲಿಂಕರ್‌ಗೆ ಫಂಕ್ಷನ್ ಸಿಗುವುದೇ ಇಲ್ಲ. ಅಲ್ಲಿ 'ಸ್ಟ್ರಿಪ್-ಡೀಬಗ್' ಆಯ್ಕೆ ಬಳಸಿ. ಡೀಬಗ್ ಮಾಹಿತಿಯಷ್ಟೇ ಹೋಗುತ್ತದೆ. ಬೇಕಾದ ಹೆಸರೊಂದನ್ನು ಉಳಿಸಲು 'ಕೀಪ್-ಸಿಂಬಲ್', ಹೆಸರಿಸಿದ ವಿಭಾಗವೊಂದನ್ನೇ ತೆಗೆಯಲು 'ರಿಮೂವ್-ಸೆಕ್ಷನ್' ಇವೆ. ಎರಡನೆಯದನ್ನು ಎಚ್ಚರದಿಂದ ಬಳಸಿ. ಕಂಬವನ್ನೇ ಕಿತ್ತರೆ ಮನೆ ನಿಲ್ಲದು.

ಕಳಚುವ ಮುನ್ನ ಪೂರ್ಣ ಕಡತದ ಪ್ರತಿಯೊಂದನ್ನು ತೆಗೆದಿಡಿ. ದೋಷ ಬಂದ ದಿನ ಡೀಬಗರ್‌ಗೆ ಆ ಪ್ರತಿ ಕೊಟ್ಟರೆ, ತಪ್ಪಿದ ಸಾಲು ಕಣ್ಣಿಗೆ ಬೀಳುತ್ತದೆ.