ಮನೆ ಕೊಳ್ಳುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಕಟ್ಟಿದ ಮನೆಯನ್ನು ಕೊಳ್ಳುವುದೂ ಸುಲಭವಲ್ಲ. ಹೊಸದಾಗಿ ಸಂಸಾರ ಹೂಡಿದ ದಂಪತಿಗಳು ತಮ್ಮ ಉಳಿತಾಯಕ್ಕೆ ಬ್ಯಾಂಕಿನ ಸಾಲವನ್ನು ಸೇರಿಸಿ ಮನೆಯೊಂದನ್ನು ಕೊಳ್ಳಹೊರಟಿದ್ದಾರೆ ಎನ್ನೋಣ. ಮುಂಗಡ ಕೊಟ್ಟು ಕರಾರುಪತ್ರ ಬರೆಸಿಕೊಂಡ ಮಾತ್ರಕ್ಕೆ ಮನೆ ಅವರದಾಗದು. 1908ರ ನೋಂದಣಿ ಕಾಯಿದೆಯಂತೆ, 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರವು ನೋಂದಣಿಯಾಗಲೇಬೇಕು.

ಅದಕ್ಕೆ ಮುನ್ನ ನೋಂದಣಿ ಇಲಾಖೆಯಿಂದ ಋಣಭಾರ ಪತ್ರವನ್ನು ಪಡೆಯಬೇಕು. ನೋಂದಣಿಯಾದ ಹಿಂದಿನ ಮಾರಾಟ, ಅಡಮಾನಗಳು ಅದರಿಂದ ತಿಳಿಯುತ್ತವೆ; ನೋಂದಣಿಯಾಗದವು ತಿಳಿಯವು. ಮನೆಯ ಮೂಲಪತ್ರಗಳನ್ನು ಈಡಾಗಿಟ್ಟು ಸಾಲ ಪಡೆದಿರುವುದೂ ಉಂಟು. ಆದ್ದರಿಂದ ನಕಲುಗಳನ್ನು ನಂಬದೆ ಮೂಲಪತ್ರಗಳನ್ನೇ ಕಣ್ಣಾರೆ ನೋಡಬೇಕು. ಮುಂದಿನ ಹತ್ತಾರು ವರ್ಷಗಳ ದುಡಿಮೆ ಒಂದು ರುಜುವಿಗೆ ಕಟ್ಟುಬೀಳುವಾಗ ಈ ಎಚ್ಚರಿಕೆ ಅತ್ಯವಶ್ಯಕ.