ಪ್ರವಾಸಿ ಮೋಟಾರ್‌ಸೈಕಲ್‌ಗೆ ಗಾಳಿತಡೆ: ಆಯ್ಕೆ, ಅಳವಡಿಕೆ ಮತ್ತು ವ್ಯಾಪಾರಿಯ ಹೊಣೆ

ಮೋಟಾರ್‌ಸೈಕಲ್ ಎಂದರೆ ಮನೆಯಿಂದ ಕಚೇರಿಗೆ ಹೋಗಿಬರುವ ಸಾಧನವಷ್ಟೇ ಎಂಬ ಕಾಲ ಹಿಂದೆ ಸರಿದಿದೆ. ಕೊಡಗು, ಚಿಕ್ಕಮಗಳೂರು, ಗೋಕರ್ಣಗಳತ್ತ ದ್ವಿಚಕ್ರ ವಾಹನದಲ್ಲೇ ದೂರಪ್ರವಾಸ ಹೊರಡುವ ಗ್ರಾಹಕ ವರ್ಗವೊಂದು ರೂಪುಗೊಂಡಿದೆ. ತಯಾರಕರೂ ಇದನ್ನು ಗುರುತಿಸಿದ್ದಾರೆ. ಬಜಾಜ್ ಅವೆಂಜರ್ ಕ್ರೂಸ್, 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2020ರ ಮೀಟಿಯರ್ ಸೂಪರ್‌ನೋವಾ ಇವೆಲ್ಲ ಕಾರ್ಖಾನೆಯಿಂದಲೇ ಗಾಳಿತಡೆ, ಅರ್ಥಾತ್ ವಿಂಡ್‌ಶೀಲ್ಡ್, ಹೊಂದಿ ಬಂದ ವಾಹನಗಳು. ಇವುಗಳ ಜೊತೆಗೆ, ಪ್ರತ್ಯೇಕವಾಗಿ ಕೊಂಡು ಅಳವಡಿಸಿಕೊಳ್ಳುವ ಗಾಳಿತಡೆಗಳ ವಹಿವಾಟೂ ಬಿಡಿಭಾಗ ಮಳಿಗೆಗಳಲ್ಲಿ ನೆಲೆಯೂರಿದೆ.

ಈ ಸರಕು ಸಾಮಾನ್ಯವಾಗಿ ವಾಹನದ ಮಾದರಿಯ ಹೆಸರಿನಿಂದ ಮಾರಾಟವಾಗುತ್ತದೆ. ಆದರೆ ಗಾಳಿತಡೆ ಕೆಲಸ ಮಾಡಬೇಕಾದುದು ವಾಹನಕ್ಕಲ್ಲ, ಅದರ ಮೇಲೆ ಕುಳಿತವನಿಗೆ. ಒಂದೇ ಮಾದರಿಯ ವಾಹನ ಕೊಂಡ 5 ಅಡಿ 4 ಅಂಗುಲದ ಸವಾರನಿಗೂ 6 ಅಡಿಯ ಸವಾರನಿಗೂ ಒಂದೇ ಗಾಳಿತಡೆ ಒಪ್ಪುವುದಿಲ್ಲ. ಅಳತೆ ತೆಗೆದುಕೊಳ್ಳದೆ ಮಾರಿದ ಸರಕು ಅಂಗಡಿಗೆ ಹಿಂದಿರುಗಿ ಬರುವುದು ಈ ಕಾರಣದಿಂದಲೇ.

ಗಾಳಿಯ ಲೆಕ್ಕಾಚಾರ

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸವಾರನ ಎದೆ ಮತ್ತು ಭುಜಗಳ ವಿಸ್ತೀರ್ಣವನ್ನು ಸುಮಾರು ಅರ್ಧ ಚದರ ಮೀಟರ್ ಎಂದು ಹಿಡಿದರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಅವನ ಮೇಲೆ ಬೀಳುವ ಒತ್ತಡ ಸುಮಾರು 4 ಕಿಲೋಗ್ರಾಂ ತೂಕಕ್ಕೆ ಸಮ. ವೇಗ 80 ಕಿ.ಮೀ.ಗೆ ಏರಿದಾಗ ಇದು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚಿ 15 ಕಿಲೋಗ್ರಾಂ ತಲುಪುತ್ತದೆ. ಇಷ್ಟು ಭಾರವನ್ನು ಮೂರು ನಾಲ್ಕು ಗಂಟೆ ಕಾಲ ಎದೆಯಿಂದ ತಳ್ಳುತ್ತಾ ಸಾಗುವ ಸವಾರ ದಣಿಯುವುದು ಸಹಜ. ದಣಿದವನ ಗಮನ ಮತ್ತು ಪ್ರತಿಕ್ರಿಯೆಗಳು ಮಂದವಾಗುತ್ತವೆ. ಆದ್ದರಿಂದ ಗಾಳಿತಡೆಯು ಅಲಂಕಾರದ ವಸ್ತುವಲ್ಲ, ಸುರಕ್ಷತೆಯ ಸಾಧನ.

ಸದ್ದಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯು 8 ಗಂಟೆಗಳ ಅವಧಿಗೆ ಶಿಫಾರಸು ಮಾಡಿರುವ ಮಿತಿ 85 ಡೆಸಿಬಲ್. ಎದೆಗೆ ಬಡಿಯುತ್ತಿದ್ದ ಗಾಳಿಯನ್ನು ತಪ್ಪು ಎತ್ತರದ ಗಾಳಿತಡೆಯು ಸುಳಿಯಾಗಿಸಿ ನೇರವಾಗಿ ಹೆಲ್ಮೆಟ್ಟಿಗೆ ಬಡಿಸುತ್ತದೆ. "ಹಾಕಿಸಿದ ಮೇಲೆ ಸದ್ದು ಹೆಚ್ಚಾಯಿತು" ಎಂಬ ಗ್ರಾಹಕರ ದೂರಿನ ಮೂಲ ಇದೇ.

ಎತ್ತರ ನಿರ್ಧರಿಸುವ ಬಗೆ

ಸವಾರನನ್ನು ಹೆಲ್ಮೆಟ್ ಸಹಿತ ವಾಹನದ ಮೇಲೆ ಸಹಜ ಭಂಗಿಯಲ್ಲಿ ಕೂರಿಸಿ, ನೇರ ದೃಷ್ಟಿಯಲ್ಲಿ ಮುಂದೆ ನೋಡಲು ಹೇಳಬೇಕು. ಗಾಳಿತಡೆಯ ಮೇಲಂಚು ಅವನ ಮೂಗು ಮತ್ತು ಬಾಯಿಯ ಮಟ್ಟದಲ್ಲಿ ಕಾಣಬೇಕು. ಅಂದರೆ ಅವನು ರಸ್ತೆಯನ್ನು ಗಾಳಿತಡೆಯ ಮೂಲಕವಲ್ಲ, ಅದರ ಮೇಲಿನಿಂದ ನೋಡಬೇಕು. ಮಳೆಯಲ್ಲಿ ಅಥವಾ ರಾತ್ರಿ ಎದುರು ವಾಹನದ ಬೆಳಕು ಬಿದ್ದಾಗ, ಗೀರು ಬಿದ್ದ ಪ್ಲಾಸ್ಟಿಕ್ ಹಾಳೆಯ ಮೂಲಕ ರಸ್ತೆ ಸರಿಯಾಗಿ ಕಾಣುವುದಿಲ್ಲ.

ಈಗಾಗಲೇ ಗಾಳಿತಡೆ ಇರುವ ವಾಹನವಾದರೆ ಸರಳ ಪರೀಕ್ಷೆಯೊಂದಿದೆ. ತೆರವಾದ ನೇರ ರಸ್ತೆಯಲ್ಲಿ, ಮಿತ ವೇಗದಲ್ಲಿ, ಸವಾರನು ತಲೆಯನ್ನು ತುಸು ತಗ್ಗಿಸಿ ನೋಡಬೇಕು. ಸದ್ದು ತಗ್ಗಿದರೆ ಇನ್ನಷ್ಟು ಎತ್ತರದ ಗಾಳಿತಡೆ ಬೇಕು. ಬೆನ್ನು ನೆಟ್ಟಗೆ ಮಾಡಿ ತಲೆ ಎತ್ತಿದಾಗ ಸದ್ದು ತಗ್ಗಿದರೆ ಗಿಡ್ಡದೇ ಲೇಸು. ಆಗ ತಲೆಗೆ ಸುಳಿಯಿಲ್ಲದ ಶುದ್ಧ ಗಾಳಿ ತಾಗುತ್ತದೆ, ಎದೆಗೆ ಮಾತ್ರ ರಕ್ಷಣೆ ದೊರೆಯುತ್ತದೆ.

ಎತ್ತರ ಸರಿಯಿದ್ದೂ ತಲೆ ಅದುರುತ್ತಿದ್ದರೆ ಗಾಳಿತಡೆಯ ಹಿಂಬದಿಯಲ್ಲಿ ಒತ್ತಡ ಕುಸಿದಿದೆ ಎಂದರ್ಥ. ಹೆಡ್‌ಲೈಟ್ ಮತ್ತು ಹಾಳೆಯ ಕೆಳಅಂಚಿನ ನಡುವೆ ಒಂದಿಷ್ಟು ಸಂದು ಬಿಟ್ಟರೆ ಅಲ್ಲಿಂದ ನುಗ್ಗುವ ಗಾಳಿ ಒತ್ತಡವನ್ನು ಸಮಗೊಳಿಸುತ್ತದೆ. ಮೇಲಂಚಿಗೆ ಕ್ಲಿಪ್ ಮೂಲಕ ಸಿಕ್ಕಿಸುವ, ಹೊಂದಿಸಬಹುದಾದ ಚಿಕ್ಕ ಪಟ್ಟಿಯೂ ಇದೇ ತತ್ತ್ವವನ್ನು ಆಧರಿಸಿದೆ. ಹೊಸ ಗಾಳಿತಡೆ ಕೊಳ್ಳುವ ಮುನ್ನ ಈ ಅಗ್ಗದ ಉಪಾಯವನ್ನು ಪ್ರಯತ್ನಿಸುವುದು ಸೂಕ್ತ.

ಯಾವ ವಸ್ತು?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ಲಾಸ್ಟಿಕ್‌ಗಳಿವೆ. ಅಕ್ರಿಲಿಕ್ ಸ್ವಚ್ಛವಾಗಿ ಕಾಣುತ್ತದೆ ಮತ್ತು ಬೇಗ ಗೀರು ಬೀಳುವುದಿಲ್ಲ, ಆದರೆ ಕಲ್ಲು ಬಡಿದರೆ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಹೊಡೆತವನ್ನು ತಾಳಿಕೊಳ್ಳುತ್ತದೆ, ಆದರೆ ಮೇಲೆ ಗಟ್ಟಿ ಲೇಪನವಿಲ್ಲದಿದ್ದರೆ ಒರೆಸಿದಲ್ಲೆಲ್ಲ ಗೀರು ಮೂಡುತ್ತದೆ. ಲಾರಿಗಳ ಚಕ್ರದಿಂದ ಜಲ್ಲಿ ಸಿಡಿಯುವ ಹೆದ್ದಾರಿಗಳಿಗೆ ಲೇಪನವುಳ್ಳ ಪಾಲಿಕಾರ್ಬೊನೇಟ್ ಹೆಚ್ಚು ಯೋಗ್ಯ. ಪೆಟ್ರೋಲ್, ಬ್ರೇಕ್ ಆಯಿಲ್ ಮತ್ತು ಅಮೋನಿಯಾ ಬೆರೆತ ಗಾಜು ಶುಚಿಕಾರಕ ಇದಕ್ಕೆ ಶತ್ರುಗಳು. ನೀರು, ಮೃದು ಸೋಪು ಮತ್ತು ಮೆತ್ತನೆಯ ಬಟ್ಟೆ ಸಾಕು ಎಂಬುದನ್ನು ಮಾರುವಾಗಲೇ ತಿಳಿಸಬೇಕು.

ಅಳವಡಿಕೆಯಲ್ಲಿ ಗಮನಿಸಬೇಕಾದ ಅಂಶಗಳು

1. ಪಾಲಿಕಾರ್ಬೊನೇಟ್ ಬಿಸಿಲಿಗೆ ಹಿಗ್ಗುತ್ತದೆ. 40 ಸೆಂ.ಮೀ. ಅಗಲದ ಹಾಳೆ 30 ಡಿಗ್ರಿ ಉಷ್ಣತೆ ಏರಿದಾಗ ಸುಮಾರು 0.8 ಮಿ.ಮೀ. ಹಿಗ್ಗುವುದರಿಂದ ರಂಧ್ರವು ಬೋಲ್ಟ್‌ಗಿಂತ 1 ರಿಂದ 1.5 ಮಿ.ಮೀ. ದೊಡ್ಡದಿರಬೇಕು. ಇಲ್ಲವಾದರೆ ಬಿರುಕು ರಂಧ್ರದಿಂದಲೇ ಆರಂಭವಾಗುತ್ತದೆ.

2. ರಬ್ಬರ್ ಮತ್ತು ನೈಲಾನ್ ವಾಷರ್‌ಗಳನ್ನು ಕಡ್ಡಾಯವಾಗಿ ಬಳಸಬೇಕು. ಬೋಲ್ಟನ್ನು ಹದವಾಗಿ ಬಿಗಿದರೆ ಸಾಕು. ಬೋಲ್ಟ್ ಸಡಿಲಗೊಳ್ಳದಂತೆ ಹಚ್ಚುವ ಅಂಟು ದ್ರಾವಣ ಪ್ಲಾಸ್ಟಿಕ್‌ಗೆ ತಾಗಿದರೆ ಹಾಳೆ ಸೀಳುತ್ತದೆ.

3. ಹ್ಯಾಂಡಲ್‌ಗೆ ಬಿಗಿದ ದೊಡ್ಡ ಗಾಳಿತಡೆಯ ಮೇಲಿನ ಒತ್ತಡ ಸ್ಟೀರಿಂಗ್‌ಗೆ ವರ್ಗಾವಣೆಯಾಗಿ, ಅಡ್ಡಗಾಳಿಯಲ್ಲಿ ವಾಹನ ತೂಗಾಡಬಹುದು. ದೊಡ್ಡ ಅಳತೆಯದನ್ನು ವಾಹನದ ಚೌಕಟ್ಟಿಗೆ ಬಿಗಿಯುವುದು ಒಳಿತು.

4. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ಣವಾಗಿ ತಿರುಗಿಸಿ, ಕ್ಲಚ್ ಕೇಬಲ್ ಮತ್ತು ಬ್ರೇಕ್ ಕೊಳವೆ ಎಳೆಯಲ್ಪಡುತ್ತಿಲ್ಲ, ಆಕ್ಸಿಲರೇಟರ್ ತಾನಾಗಿ ಹಿಂದಿರುಗುತ್ತಿದೆ, ದೀಪಗಳು ಮರೆಯಾಗಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

5. ಮೊದಲ 100 ಕಿ.ಮೀ. ಓಟದ ನಂತರ ಬೋಲ್ಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ತೆರಿಗೆ ಮತ್ತು ಕಾನೂನು

ಮೋಟಾರ್‌ಸೈಕಲ್ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಈ ಮೊದಲು ಸರಕಿಗೆ ಶೇ. 28, ಅಳವಡಿಕೆಯ ಕೂಲಿಗೆ ಶೇ. 18 ಎಂಬ ಭಿನ್ನ ದರಗಳಿದ್ದು, ಎರಡನ್ನೂ ಒಂದೇ ಬಿಲ್ಲಿನಲ್ಲಿ ಹಾಕಿದಾಗ ಯಾವ ದರ ಅನ್ವಯಿಸಬೇಕೆಂಬ ಜಿಜ್ಞಾಸೆ ಏಳುತ್ತಿತ್ತು. ದರಗಳು ಸಮನಾದ ಮೇಲೆ ಆ ತೊಡಕು ಉಳಿದಿಲ್ಲ. ಅಳವಡಿಕೆಯ ಶುಲ್ಕವನ್ನು ಬಿಲ್ಲಿನಲ್ಲಿ ತೋರಿಸದಿರಲು ಈಗ ಯಾವ ನೆಪವೂ ಇಲ್ಲ.

2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 86ನೇ ಕಲಮು ಇಲ್ಲಿ ಮುಖ್ಯವಾಗುತ್ತದೆ. ಸರಕನ್ನು ಜೋಡಿಸುವಲ್ಲಿ ಅಥವಾ ಪರೀಕ್ಷಿಸುವಲ್ಲಿ ಯುಕ್ತ ಎಚ್ಚರ ವಹಿಸದೆ ಹಾನಿಯಾದರೆ ತಯಾರಕನಲ್ಲದ ಮಾರಾಟಗಾರನೂ ಪರಿಹಾರಕ್ಕೆ ಹೊಣೆಯಾಗಬಹುದು. ತಯಾರಕ ಯಾರೆಂದೇ ತಿಳಿಯದ ಸರಕಿನ ವಿಷಯದಲ್ಲೂ ಹೊಣೆ ಮಾರಾಟಗಾರನತ್ತ ತಿರುಗಬಹುದು. ಹೆಸರು, ವಿಳಾಸವಿಲ್ಲದ ಆಮದು ಸರಕು ಎಷ್ಟೇ ಲಾಭ ತರುವಂತಿದ್ದರೂ ಅದರೊಡನೆ ಬರುವ ಅಪಾಯ ಲೆಕ್ಕಪುಸ್ತಕದಲ್ಲಿ ಕಾಣದು.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಚೌಕಟ್ಟನ್ನು ಕೊರೆಯದೆ, ಬೆಸುಗೆ ಹಾಕದೆ, ಇರುವ ಬೋಲ್ಟ್ ಸ್ಥಾನಗಳಲ್ಲೇ ಕೂರುವ ಗಾಳಿತಡೆಯನ್ನು ಆರಿಸುವುದು ಎಲ್ಲ ದೃಷ್ಟಿಯಿಂದಲೂ ಕ್ಷೇಮ.

ಉಪಸಂಹಾರ

ಸಿದ್ಧ ಉಡುಪಿನ ಅಂಗಡಿಯಲ್ಲೂ ಅಳತೆ ನೋಡಿ ಕೊಡುವ ವ್ಯಾಪಾರಿಗೆ ಗಿರಾಕಿ ಮತ್ತೆ ಬರುತ್ತಾನೆ. ಗಾಳಿತಡೆಯ ವ್ಯಾಪಾರಕ್ಕೂ ಇದೇ ಮಾತು ಸಲ್ಲುತ್ತದೆ. ಸವಾರನ ಎತ್ತರ, ಅಳವಡಿಸಿದ ದಿನಾಂಕ, ಮರುಪರೀಕ್ಷೆಯ ದಿನಾಂಕ ಇಷ್ಟನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಗ್ರಾಹಕನನ್ನು ರಸ್ತೆಯಲ್ಲಿ ಕಾಯುತ್ತದೆ, ವ್ಯಾಪಾರಿಯನ್ನು ಗ್ರಾಹಕ ಆಯೋಗದ ಮುಂದೆ ಕಾಯುತ್ತದೆ.